ರೈಸ್ ಅಂದರೆ ಅಕ್ಕಿ ಅಲ್ಲ

ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಹಿರಿಯರು ಅಕ್ಕಿ ವ್ಯಾಪಾರಿಗಳಾ ಅಂತ ಕೇಳಿದ್ದೀರಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ! ಅವರ ವಂಶದ ಮಾತು ಬೇರೆ, ಆದರೆ ಈ ಅಡ್ಡಹೆಸರಿಗೂ ಅಕ್ಕಿಗೂ ಸಂಬಂಧ ಇಲ್ಲ.

ಇದರ ಮೂಲ ಇಂಗ್ಲೆಂಡಿನ ಪಕ್ಕದ ವೇಲ್ಸ್. ಅಲ್ಲಿ ‘ರ್‍ಹೀಸ್’ ಅನ್ನೋದು ಗಂಡಸರ ಹಳೆಯ ಹೆಸರು. ಹುರುಪು, ಆವೇಶ ಅಂತ ಅರ್ಥ. ಇಂಗ್ಲಿಷಿನವರು ಅದನ್ನೇ ರೀಸ್, ರೈಸ್ ಅಂತ ಬರೆದುಕೊಂಡರು.

ಹಿಂದೆ ವೇಲ್ಸಿನವರಿಗೆ ಮನೆತನದ ಹೆಸರೇ ಇರಲಿಲ್ಲ. ನಾವು ಇನಿಶಿಯಲ್ಲಿಗೆ ಅಪ್ಪನ ಹೆಸರು ಹಾಕ್ತೀವಲ್ಲ, ಹೆಚ್ಚುಕಡಿಮೆ ಹಾಗೇ. 1485ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಬಾಸ್ವರ್ತ್ ಕದನದಲ್ಲಿ ಹೆನ್ರಿ ಟ್ಯೂಡರ್ ಪರ ಹೋರಾಡಿದವನು ರ್‍ಹೀಸ್ ಅಪ್ ಥಾಮಸ್, ಅಂದರೆ ಥಾಮಸ್‌ನ ಮಗ ರ್‍ಹೀಸ್. ಇವನ ಮಗ ಗ್ರಿಫಿತ್ ಅಪ್ ರ್‍ಹೀಸ್. ತಲೆಮಾರಿಗೊಂದು ಹೆಸರು! 16ನೇ ಶತಮಾನದಲ್ಲಿ ಇಂಗ್ಲಿಷ್ ಕಾನೂನು ಬಂದ ಮೇಲೆ ಹೆಸರುಗಳು ನಿಧಾನವಾಗಿ ಒಂದೇ ಕಡೆ ನಿಂತವು.

ಈಗ ‘ಅಪ್ ರ್‍ಹೀಸ್’ ಅಂತ ಬೇಗ ಬೇಗ ಹೇಳಿ ನೋಡಿ. ‘ಪ್’ ಮುಂದಿನ ಹೆಸರಿಗೆ ಅಂಟಿಕೊಳ್ಳುತ್ತೆ, ಅಲ್ವಾ? ಪ್ರೈಸ್ ಅನ್ನೋ ಅಡ್ಡಹೆಸರು ಹುಟ್ಟಿದ್ದು ಹೀಗೆ. ಅದು ಬೆಲೆಯೂ ಅಲ್ಲ, ಬಹುಮಾನವೂ ಅಲ್ಲ. ‘ಅಪ್ ಹವೆಲ್’ ಪೊವೆಲ್ ಆಯ್ತು, ‘ಅಪ್ ರಿಚರ್ಡ್’ ಪ್ರಿಚರ್ಡ್ ಆಯ್ತು.