‘ಇಂದ’ ಕಂಡಲ್ಲೆಲ್ಲ ‘ಫ್ರಮ್’ ಅಲ್ಲ

ಪ್ರಶ್ನೆ: ಕೆಲಸದಿಂದ ದಣಿದಿದ್ದೇನೆ ಎನ್ನಲು ರಜೆ ಅರ್ಜಿಯಲ್ಲಿ ‘ಟೈರ್ಡ್ ಆಫ್ ವರ್ಕ್’ ಎಂದು ಬರೆದೆ. ಮೇಲಧಿಕಾರಿ ಕರೆದು, ‘ಕೆಲಸ ಬಿಡುವ ಯೋಚನೆಯೇ?’ ಎಂದು ಕೇಳಿದರು. ತಪ್ಪೆಲ್ಲಿ? ಗುಣವಾಚಕದ ಜೊತೆ ಯಾವ ಪ್ರಿಪೊಸಿಷನ್ ಹಾಕಬೇಕೆಂಬುದಕ್ಕೆ ನಿಯಮವಿಲ್ಲವೇ?

ಉತ್ತರ: ವ್ಯಾಕರಣ ಸರಿಯಾಗಿಯೇ ಇದೆ, ನೀವು ಹೇಳಿದ್ದೇ ಬೇರೆ. ‘ಟೈರ್ಡ್ ಆಫ್’ (ಒಂದೇ ಎಫ್ ಇರುವ ಆಫ್) ಎಂದರೆ ಬೇಸತ್ತಿದ್ದೇನೆ, ಸಾಕಾಗಿದೆ. ಮೈ ದಣಿದಿದ್ದರೆ ‘ಟೈರ್ಡ್ ಫ್ರಮ್’. ಹಾಗೆಂದು ‘ಇಂದ’ ಇದ್ದಲ್ಲಿ ‘ಫ್ರಮ್’ ಎಂದು ಈಗಲೇ ಬರೆದಿಟ್ಟುಕೊಳ್ಳಬೇಡಿ. ವಾರವಾರವೂ ನನ್ನ ಮೇಜಿಗೆ ಬರುವ ತಪ್ಪುಗಳ ಬೇರು ಈ ವಿಭಕ್ತಿ ಲೆಕ್ಕಾಚಾರವೇ. ಸಂಗೀತದಲ್ಲಿ ಆಸಕ್ತಿ, ಗಣಿತದಲ್ಲಿ ಜಾಣ: ನಮ್ಮಲ್ಲಿ ಎರಡಕ್ಕೂ ಸಪ್ತಮಿ. ಇಂಗ್ಲಿಷಿನಲ್ಲಿ ‘ಇಂಟರೆಸ್ಟೆಡ್’ಗೆ ‘ಇನ್’, ‘ಗುಡ್’ಗೆ ‘ಅಟ್’. ನಾವು ಹಾವಿಗೆ ಹೆದರುತ್ತೇವೆ, ಆದರೆ ‘ಅಫ್ರೇಡ್ ಟು ಸ್ನೇಕ್ಸ್’ ಎಂದು ಬರೆಯುವಂತಿಲ್ಲ, ಅಲ್ಲಿ ‘ಆಫ್’ ಬೇಕು. ಒಬ್ಬರ ಜೊತೆ ಮದುವೆಯಾಗುತ್ತೇವೆ; ‘ಮ್ಯಾರಿಡ್’ಗೆ ಬರುವುದು ‘ವಿತ್’ ಅಲ್ಲ, ‘ಟು’.

ಒಂದೇ ಗುಣವಾಚಕ ನಾಲ್ಕು ದಾರಿ ಹಿಡಿಯುವುದೂ ಉಂಟು. ಚದುರಂಗದಲ್ಲಿ ಪಳಗಿದವಳು ‘ಗುಡ್ ಅಟ್’, ಮಕ್ಕಳೊಂದಿಗೆ ಹೊಂದಿಕೊಳ್ಳಬಲ್ಲವಳು ‘ಗುಡ್ ವಿತ್’, ನಿಮ್ಮನ್ನು ಚೆನ್ನಾಗಿ ನೋಡಿಕೊಂಡವಳು ‘ಗುಡ್ ಟು’, ಆರೋಗ್ಯಕ್ಕೆ ಒಳ್ಳೆಯದು ‘ಗುಡ್ ಫಾರ್’. ಆದ್ದರಿಂದ ಗುಣವಾಚಕವನ್ನು ಒಂಟಿಯಾಗಿ ಕಲಿಯಲೇಬೇಡಿ. ನಿಘಂಟಿನಲ್ಲಿ ಅರ್ಥ ನೋಡಿ ಮುಚ್ಚಿಡುವ ಬದಲು ಕೆಳಗಿನ ಉದಾಹರಣೆ ವಾಕ್ಯವನ್ನೂ ಓದಿ, ಜೋಡಿಯಾಗಿಯೇ ಬರೆದುಕೊಳ್ಳಿ. ನಾನೂ ಅನುಮಾನ ಬಂದಾಗ ಇಂದಿಗೂ ಅದನ್ನೇ ಮಾಡುತ್ತೇನೆ.

ಭಾವನೆ ಸೂಚಿಸುವ ಪದಕ್ಕೆಲ್ಲ ‘ಆಫ್’ ಎಂದು ಏಳು ದಿನದಲ್ಲಿ ಇಂಗ್ಲಿಷ್ ಕಲಿಸುವ ಮಹಾಶಯರು ಬೋಧಿಸುತ್ತಾರಂತೆ. ಹಾಗಾದರೆ ಜನರ ಮೇಲಿನ ಸಿಟ್ಟು ‘ಆಂಗ್ರಿ ವಿತ್’ ಏಕಾಯಿತು? ಅವರನ್ನೇ ಕೇಳಿ. ನೆಚ್ಚಿಕೊಳ್ಳಬಹುದಾದ ಪುಟ್ಟ ನಿಯಮ ಒಂದಿದೆ: ಲ್ಯಾಟಿನ್‌ನಿಂದ ಬಂದ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಪದಗಳಿಗೆ ‘ದ್ಯಾನ್’ ಬಾರದು, ‘ಟು’ ಬರುತ್ತದೆ.

ಪ್ರಶ್ನೆ: ‘ಡಿಫರೆಂಟ್’ಗೆ ಫ್ರಮ್, ಟು, ದ್ಯಾನ್ ಮೂರನ್ನೂ ಕಂಡಿದ್ದೇನೆ. ಯಾವುದು ಸರಿ?

ಉತ್ತರ: ಬ್ರಿಟಿಷರಲ್ಲಿ ‘ಟು’, ಅಮೆರಿಕನ್ನರಲ್ಲಿ ‘ದ್ಯಾನ್’ ಕೂಡ ಬಳಕೆಯಲ್ಲಿವೆ. ನೀವು ‘ಫ್ರಮ್’ ಬರೆಯಿರಿ, ಯಾರೂ ಕೆಂಪು ಶಾಯಿ ಎತ್ತುವುದಿಲ್ಲ.

ಪ್ರಶ್ನೆ: ‘ಕೇಪಬಲ್ ಟು ಡೂ’ ಸರಿಯೇ?

ಉತ್ತರ: ತಪ್ಪು. ‘ಕೇಪಬಲ್ ಆಫ್ ಡೂಯಿಂಗ್’.

ಪ್ರಶ್ನೆ: ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದಂತೆ?

ಉತ್ತರ: ‘ವಾಟ್ ಆರ್ ಯು ಅಫ್ರೇಡ್ ಆಫ್?’ ಎಂಬುದನ್ನು ಬೇರೆ ಹೇಗೆ ಕೇಳುತ್ತೀರಿ? ಮುಗಿಸಿ.