0.5 ದೊಡ್ಡದೋ, 0.35 ದೊಡ್ಡದೋ?

ಪ್ರಶ್ನೆ: ಐದನೇ ತರಗತಿಯ ಮಗಳು 0.5ಕ್ಕಿಂತ 0.35 ದೊಡ್ಡದು ಅಂತಾಳೆ. ಮೊಬೈಲ್‌ನಲ್ಲಿ ಕಲಿಸಬಹುದೇ?
– ಒಬ್ಬ ತಾಯಿ, ಗದಗ

ಉತ್ತರ: ಖಂಡಿತ ಕಲಿಸಬಹುದು. 5ಕ್ಕಿಂತ 35 ಜಾಸ್ತಿ ಅಲ್ವಾ, ಅದಕ್ಕೇ ಹಾಗಂತಾಳೆ. ನನ್ನ ತರಗತಿಯಲ್ಲೂ ಪ್ರತಿ ವರ್ಷ ಇದೇ ತಪ್ಪು. ಗಣಿತ ಕಲಿಯೋ ಜಿಯೋಜಿಬ್ರಾ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸೊನ್ನೆಯಿಂದ 1ರವರೆಗಿನ ರೇಖೆಯನ್ನು ಅವಳೇ ಎರಡು ಬೆರಳಿಂದ ಹಿಗ್ಗಿಸಲಿ. ಮೊದಲು 0.1, 0.2 ಕಾಣುತ್ತವೆ. ಇನ್ನೂ ಹಿಗ್ಗಿಸಿದರೆ 0.31, 0.32 ಹೊರಬರುತ್ತವೆ. 0.35 ಎಲ್ಲಿದೆ ಅಂತ ನೀವು ತೋರಿಸಬೇಡಿ, ಅವಳೇ ಹುಡುಕಲಿ. ಮೊನ್ನೆ ನಮ್ಮ ಹುಡುಗನೊಬ್ಬ ಹಾಗೇ ಹುಡುಕಿ, "ಟೀಚರ್, ಇದು ಅರ್ಧಾನೂ ಮುಟ್ಟಿಲ್ರೀ!" ಅಂತ ಎದ್ದು ನಿಂತ.

ಆಮೇಲೆ ಮೊಬೈಲ್ ಎತ್ತಿಡಿ. ಸಂತೆಗೆ ಕರ್ಕೊಂಡು ಹೋಗಿ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅರ್ಧ ಕಿಲೋ ಉಳ್ಳಾಗಡ್ಡಿ ಇಟ್ಟಾಗ 0.500 ಬರುವುದನ್ನು ಅವಳೇ ಓದಲಿ.