ಗೆಲಾಕ್ಸಿಗಳ ಬೆಳವಣಿಗೆಯನ್ನು ಹೋಲಿಸುವುದು ಹೇಗೆ?

ಪ್ರಶ್ನೆ: ದೂರದ ಗೆಲಾಕ್ಸಿಗಳನ್ನು ಹತ್ತಿರದವುಗಳೊಂದಿಗೆ ಹೋಲಿಸಿ ಅವುಗಳ ದ್ರವ್ಯರಾಶಿ ಕಾಲಕ್ರಮೇಣ ಹೇಗೆ ಹೆಚ್ಚಿತೆಂದು ಹೇಳುತ್ತಾರೆ. ಅವೆರಡೂ ಬೇರೆ ಬೇರೆ ಗೆಲಾಕ್ಸಿಗಳಾಗಿರುವಾಗ ಈ ಹೋಲಿಕೆಗೆ ಆಧಾರವೇನು?
(ಓದುಗರೊಬ್ಬರು, ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ)

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದೇ. ನಿಮ್ಮೂರಿನ ಹೊರವಲಯದಲ್ಲಿ ಕಾರ್ತಿಕದ ಅಮಾವಾಸ್ಯೆಯಂದು ಬರಿಗಣ್ಣಿಗೆ ಮಸುಕಾಗಿ ಕಾಣುವ ಆಂಡ್ರೊಮಿಡಾ ಗೆಲಾಕ್ಸಿಯ ಬೆಳಕು ಸುಮಾರು 25 ಲಕ್ಷ ವರ್ಷ ಹಳೆಯದು. ಗೆಲಾಕ್ಸಿಗಳ ಆಯುಸ್ಸಿನ ಮುಂದೆ ಅದು ಏನೂ ಅಲ್ಲವಾದ್ದರಿಂದ ಅದನ್ನು ಇಂದಿನ ಸ್ಥಿತಿಯೆಂದೇ ಎಣಿಸುತ್ತಾರೆ. ಆದರೆ ಸಾವಿರ ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು ಇಂದು ನಮ್ಮನ್ನು ತಲುಪಿದಾಗ ಕಾಣುವುದು ಗೆಲಾಕ್ಸಿಯೊಂದರ ಎಳವೆ. ನಾಯಕನಹಟ್ಟಿ ಜಾತ್ರೆಯಲ್ಲಿ ಒಂದೇ ದಿನ ಕಂಡ ಕೂಸುಗಳನ್ನೂ ಹಿರಿಯರನ್ನೂ ಗಮನಿಸಿ ಮನುಷ್ಯ ಬೆಳೆಯುವ ಬಗೆಯನ್ನು ತಿಳಿದಂತೆ ಇದು; ಜಾತ್ರೆಯಲ್ಲಿ ಇಬ್ಬರು ಮಕ್ಕಳು ಕೂಡಿ ಒಬ್ಬ ಹಿರಿಯನಾಗುವುದಿಲ್ಲ, ಗೆಲಾಕ್ಸಿಗಳಲ್ಲಿ ಹಾಗೆ ಆಗುತ್ತದೆ ಎಂಬುದೇ ತೊಡಕು.

ಆದ್ದರಿಂದ ಯಾವುದು ಯಾವುದರ ಪೂರ್ವಿಕ ಎಂಬುದನ್ನು ಮೊದಲು ನಿರ್ಧರಿಸಬೇಕು. ಆಕಾಶದ ನಿಗದಿತ ಘನಗಾತ್ರವೊಂದರಲ್ಲಿರುವ ಗೆಲಾಕ್ಸಿಗಳನ್ನು ದ್ರವ್ಯರಾಶಿಯ ಇಳಿಕೆ ಕ್ರಮದಲ್ಲಿರಿಸಿ, ನಮ್ಮ ಆಕಾಶಗಂಗೆಯಂಥವು ಇಂದು ಎಷ್ಟನೆಯ ಸ್ಥಾನದಲ್ಲಿವೆಯೋ ಅಂದು ಅದೇ ಸ್ಥಾನದಲ್ಲಿದ್ದವುಗಳನ್ನು ಅವುಗಳ ಪೂರ್ವಿಕರೆಂದು ಗಣಿಸುವುದು ಬಳಕೆಯಲ್ಲಿರುವ ಒಂದು ವಿಧಾನ. ವಿಲೀನಗಳಿಂದ ಈ ಕ್ರಮ ಒಂದಿಷ್ಟು ಕಲಕುತ್ತದೆ. ಒಂದೊಂದೇ ಗೆಲಾಕ್ಸಿಗೆ ಈ ಲೆಕ್ಕ ಹೊಂದದು, ಸಮೂಹದ ಸರಾಸರಿಗೆ ಮಾತ್ರ ಹೊಂದೀತು.

ಹೀಗೆ ಹೋಲಿಸಿದಾಗ, ಆಕಾಶಗಂಗೆಯಂಥ ಗೆಲಾಕ್ಸಿಗಳು ತಮ್ಮ ನಕ್ಷತ್ರ ದ್ರವ್ಯರಾಶಿಯ ಸುಮಾರು ಶೇ. 90ರಷ್ಟನ್ನು ಕಳೆದ 1,100 ಕೋಟಿ ವರ್ಷಗಳಲ್ಲಿ, ಬಹುಪಾಲು ತಮ್ಮದೇ ಅನಿಲದಿಂದ ನಕ್ಷತ್ರಗಳನ್ನು ಹುಟ್ಟಿಸಿಕೊಂಡು, ಗಳಿಸಿವೆ ಎಂದು ಕಂಡುಬಂದಿದೆ. ಭಾರೀ ದೀರ್ಘವೃತ್ತೀಯ ಗೆಲಾಕ್ಸಿಗಳ ಕಥೆಯೇ ಬೇರೆ. ಅವು ತಮ್ಮ ನಕ್ಷತ್ರಗಳ ಬಹುಭಾಗವನ್ನು ಬಲುಬೇಗ ರೂಪಿಸಿ, ಆಮೇಲೆ ಹೊಸ ನಕ್ಷತ್ರಗಳ ಹುಟ್ಟು ನಿಂತರೂ ಸಣ್ಣ ಗೆಲಾಕ್ಸಿಗಳನ್ನು ನುಂಗುತ್ತ ಹೊರಅಂಚಿನಲ್ಲಿ ಹಿಗ್ಗಿದವು. ದೊಡ್ಡವು ಮೊದಲು ಬಲಿತು ಚಿಕ್ಕವು ನಿಧಾನವಾಗಿ ಬೆಳೆಯುವುದು, ನನಗಂತೂ, ಈ ವಿಷಯದಲ್ಲೇ ಅತ್ಯಂತ ಸ್ವಾರಸ್ಯದ ಸಂಗತಿ.

ಅಂದಿನ ಮತ್ತು ಇಂದಿನ ಬೆಳವಣಿಗೆಯ ವೇಗದ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅನಿಲ. ಸಾವಿರ ಕೋಟಿ ವರ್ಷಗಳ ಹಿಂದೆ ವಿಶ್ವದಲ್ಲಿ ನಕ್ಷತ್ರಗಳು ಹುಟ್ಟುವ ದರ ಇಂದಿನದಕ್ಕಿಂತ ಸುಮಾರು ಹತ್ತು ಪಟ್ಟು ಇತ್ತು, ಅನಿಲ ಹೇರಳವಾಗಿತ್ತು. ಈಗ ಆಕಾಶಗಂಗೆ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ದ್ರವ್ಯವನ್ನು ಮಾತ್ರ ನಕ್ಷತ್ರಗಳಾಗಿಸುತ್ತಿದೆ. ಅದರ ನುಂಗುವಿಕೆಯೂ ನಿಂತಿಲ್ಲ: ಧನು ರಾಶಿಯ ಕುಬ್ಜ ಗೆಲಾಕ್ಸಿ ಈಗಲೂ ಅದರೊಳಗೆ ಛಿದ್ರವಾಗುತ್ತಿದೆ.

ದ್ರವ್ಯರಾಶಿಯನ್ನು ತೂಗುವುದು ಬೆಳಕಿನಿಂದಲೇ. ಹಳೆಯ, ಚಿಕ್ಕ ನಕ್ಷತ್ರಗಳ ಬೆಳಕು ಅವಕೆಂಪಿನಲ್ಲಿ (ಕೆಂಪಿಗಿಂತ ಉದ್ದದ, ಕಣ್ಣಿಗೆ ಕಾಣದ ತರಂಗಗಳಲ್ಲಿ) ಚೆನ್ನಾಗಿ ಸಿಗುತ್ತದೆ. ಬಹುದೂರದವುಗಳಲ್ಲಿ ಅದು ವಿಶ್ವದ ಹಿಗ್ಗುವಿಕೆಯಿಂದ ಇನ್ನೂ ಉದ್ದದ ತರಂಗಗಳಿಗೆ ಸರಿದಿರುವುದರಿಂದ 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಬೇಕಾಯಿತು. ಅದು ಕಂಡ ಕೆಲವು ಆದಿಕಾಲದ ಗೆಲಾಕ್ಸಿಗಳು ನಿರೀಕ್ಷೆಗಿಂತ ಭಾರವಾಗಿ ತೋರಿದವು. ಆದರೆ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಸುತ್ತಲಿನ ಕಾದ ಅನಿಲವೂ ಹೊಳೆಯುವುದರಿಂದ, ಆ ಪಾಲನ್ನು ವರ್ಣಪಟಲದಲ್ಲಿ ಬೇರ್ಪಡಿಸದೆ ಎಲ್ಲವನ್ನೂ ನಕ್ಷತ್ರಗಳ ಲೆಕ್ಕಕ್ಕೆ ಸೇರಿಸಿದರೆ ತೂಕ ಹೆಚ್ಚಾಗಿ ಬರುತ್ತದೆ.